ಜಗಳಗಂಟ ಬೊಗಳುತ್ತಿಲ್ಲ

ನವೆಂಬರ್ ೨೩, ಭಾನುವಾರ

ನಮ್ಮ ನಾಯಿ ಜಗಳಗಂಟನನ್ನು ಹೊಗಳಿದ್ದೇ ಮನಸ್ಸನ್ನು ಕೊರೆಯುತ್ತಿದೆ.

ಹಳದಿ ಹೊಟ್ಟೆಯ, ಬಾಲ ಕುಣಿಸುವ ಹಕ್ಕಿ ಚಳಿಗೆ ಮತ್ತೆ ಬಂದಿದೆ. ಇವತ್ತು ಕಿಟಕಿಯ ಕೆಳಗೇ, ಉದುರಿದ ಎಲೆಗಳ ನಡುವೆ ಓಡಾಡಿತು. ಅದನ್ನು ನೋಡಿಕೊಂಡೇ ದಿಂಬಿನ ಕವರಿನ ಕಸೂತಿಗೆ ದಾರ ಆರಿಸಿದೆ. ಹೋದ ವರ್ಷ ಜಗಳಗಂಟ ಅದನ್ನು ಅಂಗಳಕ್ಕೆ ಇಳಿಯಲೂ ಬಿಟ್ಟಿರಲಿಲ್ಲ. ಈ ಸಲ ಬೊಗಳುವುದೇ ಇಲ್ಲ. "ಅಂತೂ ಬುದ್ಧಿ ಬಂತು ಇವನಿಗೆ" ಎಂದು ವಾರದಿಂದ ಎಲ್ಲರಿಗೂ ಹೇಳಿಕೊಂಡು ಬಂದೆ.

ಮಧ್ಯಾಹ್ನ ನನ್ನ ಕೈಯಿಂದ ಕತ್ತರಿ ಜಾರಿ ಅವನ ತಲೆಯ ಹಿಂದೆಯೇ ಠಣ್ ಎಂದು ಬಿತ್ತು. ಅವನು ಅಲುಗಲಿಲ್ಲ. ಕಿವಿ ಕೇಳಿಸುತ್ತಿಲ್ಲ ಅವನಿಗೆ.

ಸೋದರತ್ತೆಗೆ ಹೇಗೆ ಹೇಳಲಿ ಎಂದು ಸಂಜೆಯವರೆಗೂ ಒದ್ದಾಡಿದೆ. ಅಂಗೈಯಷ್ಟು ಮರಿಯಿಂದ ಸಾಕಿದವಳು ಅವಳು. ಕೊನೆಗೆ ಹೇಳಿಯೇಬಿಟ್ಟೆ.

"ಗೊತ್ತು ಕಣೇ. ಎರಡು ತಿಂಗಳಾಯ್ತು," ಎಂದಳು, ಹೊಲಿಗೆಯಿಂದ ಕಣ್ಣೆತ್ತದೆ.

"ಮತ್ತೆ ದಿನವಿಡೀ ಅವನಿಗೆ ಬೈತಾನೇ ಇರ್ತೀಯಲ್ಲ ಅತ್ತೆ?"

"ನನ್ನ ಬಾಯನ್ನೇ ನೋಡ್ತಾ ಕೂತಿರ್ತಾನೆ. ನಿಲ್ಲಿಸಿಬಿಟ್ರೆ, ಇವಳು ಮಾತು ಬಿಟ್ಲು ಅಂದ್ಕೊಳ್ಳಲ್ವಾ, ಪಾಪ?"

ಆಮೇಲೆ ಅವನ ಕಡೆ ತಿರುಗಿ, "ಏಯ್ ಸೋಮಾರಿ, ನನ್ನ ಸೆರಗಿನ ಮೇಲಿಂದ ಏಳೋ," ಎಂದು ಗದರಿದಳು.

ಅವನು ಏಳಲಿಲ್ಲ. ಬಾಲ ಮಾತ್ರ ನೆಲಕ್ಕೆ ಪಟಪಟ ಬಡಿಯಿತು.