ಬಾಯಿ ಸಿಹಿ ಮಾಡದೆ ಕಳಿಸಬಾರದು

ಜಿದ್ದಾ, ನವೆಂಬರ್ ೧೮, ಮಂಗಳವಾರ

ಆಸ್ಪತ್ರೆಯಿಂದ ಇನ್ನೂ ಸುದ್ದಿಯಿಲ್ಲ.

ಇವತ್ತು ಪುಟ್ಟ ಮಗಳ ಕೈ ಹಿಡಿದು ಬಂದ ಆ ತಾಯಿ ನಮ್ಮ ಮಿಠಾಯಿ ಅಂಗಡಿಯ ಒಂದೊಂದು ತಟ್ಟೆಯ ಚೀಟಿಯನ್ನೂ ಬೆರಳಿಟ್ಟು ಓದಿದ್ದಳು. ಹಾಲು, ಎಳ್ಳು, ಪಿಸ್ತಾ, ಕ್ಯಾಲೊರಿ, ಎಲ್ಲ ನಾನೇ ಬರೆದು ಅಂಟಿಸಿದ್ದು. "ನಮ್ಮ ರೀಮಾಸ್‌ಗೆ ಪಿಸ್ತಾ ಆಗೋದೇ ಇಲ್ಲ ಅಕ್ಕಾ" ಎಂದಳು. ಖರ್ಜೂರದ್ದನ್ನೇ ಆರಿಸಿ ಡಬ್ಬಿಗೆ ತುಂಬತೊಡಗಿದೆ.

ಅಷ್ಟರಲ್ಲಿ ಅಪ್ಪ ಒಳಗಿನಿಂದ ಬಂದರು. ನಮ್ಮ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಅಂಗಡಿಗೆ ಬಂದ ಮಗುವಿನ ಕೈಗೆ ಒಂದು ತುಂಡು ಇಡದೆ ಕಳಿಸಿದವರೇ ಅಲ್ಲ ಅವರು. "ತಗೋ ಬಂಗಾರಿ, ಬಾಯಿ ಸಿಹಿ ಮಾಡ್ಕೊಳ್ದೆ ಹೋಗ್ತಾರಾ ಯಾರಾದ್ರೂ?" ಕೊಟ್ಟದ್ದು ಪಿಸ್ತಾದ್ದು. ಪ್ರೀತಿಯಿಂದ ಕೈಗಿಟ್ಟ ತುಂಡಿಗೆ ಚೀಟಿ ಎಲ್ಲಿಂದ ಬರಬೇಕು? ತಾಯಿ ತಿರುಗಿ ನೋಡುವಷ್ಟರಲ್ಲಿ ಮಗುವಿನ ತುಟಿ ಊದಿ ಉಸಿರು ಕಟ್ಟುತ್ತಿತ್ತು.

ಸಂಜೆ ಆಹಾರ ತಪಾಸಣೆಯವನು ಬಂದ. "ಚೀಟಿ ಎಲ್ಲಾ ಸರಿಯಾಗಿದೆ ಹಾಜಿ, ಹೆದರ್ಬೇಡಿ" ಎಂದ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವನು ಹೊರಡಲು ಎದ್ದಾಗ ಅಪ್ಪನ ಕೈ ತಾನಾಗಿಯೇ ತಟ್ಟೆಗೆ ಹೋಗಿ ಒಂದು ತುಂಡು ಎತ್ತಿತು. ಅವನತ್ತ ಚಾಚಿ, ಅರ್ಧಕ್ಕೇ ನಿಂತಿತು.

ಈಗ ಪಕ್ಕದ ಕೋಣೆಯಲ್ಲಿ ಕೂತಿದ್ದಾರೆ. ಮಲಗಿ ಅಪ್ಪಾ ಎಂದರೂ ಆ ತುಂಡು ಹಿಡಿದ ಮುಷ್ಟಿ ಬಿಚ್ಚುತ್ತಿಲ್ಲ. ಫೋನು ಹೊಡೆದುಕೊಳ್ಳುತ್ತಿದೆ, ಆಸ್ಪತ್ರೆಯದೇ ಇರಬೇಕು —