ಕ್ಯಾರೆಟ್ ಸಾಲಿನಲ್ಲಿ ಕೆಂಪು ಎಲೆ

ಹೊಲದ ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ನೆಡುವಾಗ ಮಂಡಿ ಊರು, ಸೊಂಟ ಬಗ್ಗಿಸಬೇಡ ಅಂತ ನಾನು ಬಾಯಿ ಸವೆಯುವಷ್ಟು ಹೇಳಿದ್ದೆ, ಅತ್ತೆಯ ಮಾತು ನೀನು ಕೇಳಿದ್ದರೆ ತಾನೆ! ನಿನ್ನ ವಯಸ್ಸಿನಲ್ಲಿ ನಾನೂ ಯಾರ ಮಾತನ್ನೂ ಕೇಳಲಿಲ್ಲ. ಈಗ ಬೆಳಿಗ್ಗೆ ಮಂಚದಿಂದ ಏಳಬೇಕಾದರೆ ಒಂದೊಂದು ಮೂಳೆಯನ್ನೂ ಬೇರೆ ಬೇರೆಯಾಗಿ ಪುಸಲಾಯಿಸಬೇಕು. ಅದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನಿನ್ನಪ್ಪ ಫೋನ್ ಮಾಡಿದ್ದ. ಬಸ್ಸು ಓಡಿಸುವುದು ಬಿಟ್ಟು ಎಷ್ಟು ಕಾಲವಾಯಿತು, ಈಗಲೂ ಹಾರ್ನ್ ಹೊಡೆದ ಹಾಗೇ ಮಾತಾಡುತ್ತಾನೆ. ಮಗಳು ಕೆಸರಿನಲ್ಲಿ ಬಿದ್ದಿದ್ದಾಳೆ ಅಂತ ಗೊಣಗುತ್ತಾನೆ, ಆಮೇಲೆ ನೀನು ಕಳಿಸಿದ ಮೂಲಂಗಿ ತೋಳಿನಷ್ಟು ಉದ್ದ ಇತ್ತು ಅಂತ ಅದೇ ಉಸಿರಿನಲ್ಲಿ ಜಂಬ ಕೊಚ್ಚುತ್ತಾನೆ. ಅವನನ್ನು ಹಾಗೇ ಬಿಡು, ಇನ್ನು ಬದಲಾಗುವ ಆಸಾಮಿ ಅಲ್ಲ.

ನಿನ್ನ ಪತ್ರ, ಅದರ ಜೊತೆಗಿನ ಫೋಟೋ ಎರಡೂ ಬಂದವು. ಗೆಳತಿಯರಿಬ್ಬರ ನಡುವೆ ನೀನು ಎಷ್ಟು ಕಪ್ಪಗಾಗಿದ್ದೀಯ! ಆದರೆ ನಗು ಚೆನ್ನಾಗಿದೆ. ನಮ್ಮಲ್ಲಿದ್ದ ಕೊನೆಯ ವರ್ಷ ಆ ನಗುವನ್ನು ನಾನು ನೋಡಿರಲಿಲ್ಲ. ನಿನ್ನ ದೊಡ್ಡಪ್ಪ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂರೂ ಜನರ ಮುಖದ ಕಡೆ ಅವನ ಗಮನವೇ ಇಲ್ಲ, ನಿಮ್ಮ ಕಾಲಬುಡದ ಮಣ್ಣನ್ನೇ ನೋಡಿ, "ಇನ್ನೂ ಗೊಬ್ಬರ ಬೇಕು" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮಾರನೆಯ ದಿನ ಫೋಟೋ ಎಲ್ಲೂ ಸಿಗಲಿಲ್ಲ. ಬಟ್ಟೆ ಒಗೆಯಲು ಹಾಕುವಾಗ ನೋಡಿದರೆ ಅವನ ಅಂಗಿಯ ಜೇಬಿನಲ್ಲಿತ್ತು.

ಹೋದ ಪತ್ರದಲ್ಲಿ ನಾನು ನೇರವಾಗಿಯೇ ಕೇಳಿದ್ದೆ, ವಾಪಸು ಬಂದು ಈ ಹೊಲ ನೋಡಿಕೊಳ್ಳುತ್ತೀಯಾ ಅಂತ. ನೀನೂ ನೇರವಾಗಿಯೇ ಬರೆದಿದ್ದೀಯ: ಅಲ್ಲಿ ಗುತ್ತಿಗೆಗೆ ಹಿಡಿದ ನೆಲ ಈಗಷ್ಟೇ ಹದಕ್ಕೆ ಬರುತ್ತಿದೆ, ಜೊತೆಯವರಿಬ್ಬರು ನಿನ್ನನ್ನು ನಂಬಿ ಬಂದವರು, ಅವರ ಕೈ ಬಿಟ್ಟು ಬರಲಾಗದು ಅಂತ. ಸರಿಯಾಗಿಯೇ ಬರೆದಿದ್ದೀಯ. ಓದಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ನೀನು ತಪ್ಪು ಮಾಡಿದೆ ಅಂತ ಅಳಲಿಲ್ಲ. ಹಾಗಂತ ನಿನ್ನ ಮನಸ್ಸಿನಲ್ಲಿ ಮುಳ್ಳು ಇಟ್ಟುಕೊಳ್ಳಬೇಡ.

ಈಗ ಸುದ್ದಿ ಹೇಳುತ್ತೇನೆ. ಹೊಲವನ್ನು ಗುತ್ತಿಗೆಗೆ ಕೊಟ್ಟುಬಿಟ್ಟೆವು. ಮೊನ್ನೆ ಗುರುವಾರ ಅಣ್ಣ ತಂಗಿ ಇಬ್ಬರೂ ಹೋಗಿ ಸಹಿ ಹಾಕಿ ಬಂದೆವು. ಮನೆ, ಹಿತ್ತಿಲು, ಕೋಳಿಗೂಡು ನಮಗೆ. ಬೇಲಿಯಿಂದ ಆಚೆಯದೆಲ್ಲ ಅವರಿಗೆ. ಈಗ ನೆಲದಲ್ಲಿರುವ ಕ್ಯಾರೆಟ್ ಕಿತ್ತ ಮೇಲೆ ಅವರು ಬರುತ್ತಾರೆ. ಅವರು ಬೆಳೆಯುವುದು ತಿನ್ನುವ ವಸ್ತುವಲ್ಲ, ಲಾನಿಗೆ ಹಾಕುವ ಹುಲ್ಲು. ಹುಲ್ಲು ಒತ್ತಾಗಿ ಬೆಳೆದ ಮೇಲೆ ಬೇರಿನ ಜೊತೆಗೆ ಮಣ್ಣಿನ ಮೇಲ್ಪದರವನ್ನೂ ತೆಳ್ಳಗೆ ಕೊಯ್ದು, ಚಾಪೆ ಸುತ್ತಿದ ಹಾಗೆ ಸುತ್ತಿ ಲಾರಿಗೆ ತುಂಬುತ್ತಾರಂತೆ. ಅವರ ಕಡೆಯ ಮೇಲ್ವಿಚಾರಕ ಒಳ್ಳೆಯ ಮನುಷ್ಯ, ಎಲ್ಲವನ್ನೂ ಬಿಡಿಸಿ ಹೇಳಿದ. ನಿನ್ನ ದೊಡ್ಡಪ್ಪನಿಗೆ ಅರ್ಧ ಕೇಳಿಸಲಿಲ್ಲ. ಕೇಳಿಸಿದ ಇನ್ನರ್ಧಕ್ಕೇ ಅವನ ಮುಖ ಬಿಳಿಚಿಕೊಂಡಿತು. ಹೊರಗೆ ಬಂದ ಮೇಲೆ, "ಮಣ್ಣನ್ನೂ ಒಯ್ಯುತ್ತಾರಾ?" ಅಂತ ಒಂದೇ ಒಂದು ಸಲ ಕೇಳಿದ. ತೆಳ್ಳಗೆ ಮಾತ್ರ ಅಂದೆ. ಇನ್ನೇನು ಹೇಳಲಿ ಹೇಳು?

ಬೇರೆ ಯಾರೂ ಸಿಗಲಿಲ್ಲವೇ ಅಂತ ನೀನು ಕೇಳುತ್ತೀಯ. ಯಾರಿದ್ದಾರೆ ಕೂಸೇ? ಸುತ್ತಮುತ್ತಲ ಹೊಲಗಳವರಲ್ಲಿ ಎಲ್ಲರಿಗಿಂತ ಚಿಕ್ಕವನು ಟ್ರ್ಯಾಕ್ಟರಿನವನು. ಅವನಿಗೆ ಅರವತ್ತೆರಡು, ಇವತ್ತಿಗೂ ಎಲ್ಲರೂ ಅವನನ್ನು ಹುಡುಗ ಅಂತಲೇ ಕರೆಯುತ್ತಾರೆ. ಸ್ವಲ್ಪ ದಿನದ ಹಿಂದೆ ಕೃಷಿ ಕಚೇರಿಯಲ್ಲಿ ಯುವ ರೈತರಿಗೆ ತರಬೇತಿ ಅಂತ ಇಟ್ಟಿದ್ದರು. ಬೆಳಿಗ್ಗೆ ಹೊತ್ತಾದರೂ ಒಬ್ಬ ಯುವಕನ ಪತ್ತೆಯಿಲ್ಲ, ಮೇಲಿನವರು ಬರುವ ಹೊತ್ತಾಯಿತು. ಪಾಪ, ಅಲ್ಲಿಯ ಹುಡುಗಿ ಗಾಬರಿಬಿದ್ದು ಮನೆಮನೆಗೆ ಫೋನ್ ಹಚ್ಚಿ, ದಯವಿಟ್ಟು ಬಂದು ಕುರ್ಚಿ ತುಂಬಿಸಿ ಅಂತ ಬೇಡಿಕೊಂಡಳು. ನಾವೆಲ್ಲ ಹೋದೆವು. ನಿನ್ನ ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಕೂತ, ಕಿವಿ ಕೇಳಿಸದಲ್ಲ. "ನಾಳಿನ ರೈತ" ಅಂತ ಬರೆದ ಒಂದು ಟೋಪಿ ಕೊಟ್ಟರು. ಎಪ್ಪತ್ತೇಳರ ಮುದುಕ ಆ ಟೋಪಿ ಹಾಕಿಕೊಂಡು ಮನೆಯವರೆಗೂ ಗಂಭೀರವಾಗಿ ನಡೆದುಬಂದ. ನಾನು ನಕ್ಕೂ ನಕ್ಕೂ ಸುಸ್ತಾದೆ. ಆಮೇಲೆ ಅಡುಗೆಮನೆಗೆ ಹೋಗಿ ಒಂಟಿಯಾಗಿ ಕೂತಾಗ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಯಾಕೆಂದರೆ ಒಬ್ಬಳು ಬಂದಿದ್ದಳಲ್ಲ, ನಮ್ಮ ಮನೆಗೇ, ತಾನಾಗಿ, ಯಾರೂ ಕರೆಯದೆ. ಅವಳನ್ನು ಉಳಿಸಿಕೊಳ್ಳುವುದು ನಮ್ಮಿಂದ ಆಗಲಿಲ್ಲ.

ಆ ಈರುಳ್ಳಿ ಸಸಿಯ ವಿಷಯ ನಾವು ಮೂವರೂ ಇವತ್ತಿನವರೆಗೆ ಬಾಯಿಬಿಟ್ಟು ಆಡಿಲ್ಲ. ಇವತ್ತು ನಾನು ಆಡುತ್ತೇನೆ. ನೀನು ಅಷ್ಟು ಓದಿ, ವಿಚಾರಿಸಿ, ತಳ್ಳುವ ಕಳೆ ಯಂತ್ರ ನಡುವೆ ಹಾಯಲಿ ಅಂತ ಅಗಲ ಬಿಟ್ಟು ಸಸಿ ನೆಟ್ಟಿದ್ದೆ. ನಿನ್ನಪ್ಪನ ಕಣ್ಣಿನ ಆಪರೇಷನ್ ಅಂತ ನೀನು ಎರಡು ದಿನ ಊರಿಗೆ ಹೋದೆ. ಅಷ್ಟರಲ್ಲಿ ನಿನ್ನ ದೊಡ್ಡಪ್ಪ ಅಷ್ಟೂ ಸಸಿ ಕಿತ್ತು, ತನ್ನ ಲೆಕ್ಕದಲ್ಲಿ ಒತ್ತೊತ್ತಾಗಿ ಮತ್ತೆ ನೆಟ್ಟ. ನಾನು ಬೇಡ ಬೇಡ ಅಂತ ಬೇಲಿಯ ಹತ್ತಿರ ನಿಂತು ಕೂಗಿದೆ, ನಿನಗೇನು ಗೊತ್ತು ಅಂದ. ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ ಮಗಳೇ, ಅದೇ ನನಗೆ ಇನ್ನೂ ಸಂಕಟ. ಹುಡುಗಿ ಅರಿಯದೆ ಇಷ್ಟು ನೆಲ ದಂಡ ಮಾಡಿದ್ದಾಳೆ, ಬರುವಷ್ಟರಲ್ಲಿ ಸರಿಮಾಡಿಟ್ಟರೆ ಖುಷಿಪಡುತ್ತಾಳೆ ಅಂದುಕೊಂಡಿದ್ದ. ನೀನು ಬರುವ ದಿನ ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕಾದು ಕೂತಿದ್ದ. ನೀನು ಹೊಲ ನೋಡಿ ಬಂದು ಒಂದು ಮಾತೂ ಆಡದೆ ಚೀಲ ತುಂಬಿಕೊಂಡೆ. ಅದಕ್ಕೆ ಮುಂಚೆ ಮೂರು ವರ್ಷವೂ ಅದೇ ಕತೆ. ನೀನು ಕಟ್ಟಿದ ಹುರುಳಿಕಾಯಿ ಬಳ್ಳಿಯನ್ನು ಅವನು ಬಿಚ್ಚಿ ಕಟ್ಟುವುದು, ನೀನು ತಿರುಗಿಸಿದ ನೀರನ್ನು ಅವನು ಮತ್ತೆ ತಿರುಗಿಸುವುದು. ಜಗಳ ಆಡಿದ್ದರೆ ಎಷ್ಟೋ ವಾಸಿ, ನಾನಾದರೂ ನಡುವೆ ಬಂದು ಇಬ್ಬರಿಗೂ ಬೈಯುತ್ತಿದ್ದೆ.

ಅದೇ ಗತಿ ಈ ವರ್ಷ ಅವನಿಗೂ ಬಂತು. ಬಂದದ್ದು ನನ್ನ ಕೈಯಿಂದ. ನಮ್ಮ ತಳ್ಳುವ ಬಿತ್ತನೆ ಗಾಡಿ ನಿನಗೆ ಗೊತ್ತಲ್ಲ, ಬೀಜ ಬೀಳುವಾಗ ಟಿಕಟಿಕ ಅಂತ ಸದ್ದು ಮಾಡುತ್ತದೆ. ಅವನು ಜೀವಮಾನವೆಲ್ಲ ಆ ಸದ್ದನ್ನು ನಂಬಿಯೇ ಬಿತ್ತಿದವನು. ಸದ್ದು ನಿಂತರೆ ಬೀಜದ ತೂತು ಕಟ್ಟಿಕೊಂಡಿದೆ ಅಂತ ಅರ್ಥ, ನಿಂತು ಕಡ್ಡಿ ಹಾಕಿ ಬಿಡಿಸುತ್ತಿದ್ದ. ಈಗ ಸದ್ದು ಇದ್ದರೂ ಅವನಿಗೆ ಕೇಳಿಸದು, ಇಲ್ಲದಿದ್ದರೂ ಕೇಳಿಸದು. ಕಿವಿಗೆ ಮಿಷನ್ ಹಾಕಿಸಿಕೋ ಅಂದರೆ, ನನಗೇನಾಗಿದೆ, ನೀವೆಲ್ಲ ಗೊಣಗೊಣ ಮಾತಾಡುವುದು ಕಲಿತಿದ್ದೀರಿ ಅನ್ನುತ್ತಿದ್ದ. ಕ್ಯಾರೆಟ್ ಮೊಳೆತಾಗ ನೋಡಿದರೆ ನಾಲ್ಕು ಸಾಲು ಹಸಿರು, ಎರಡು ಸಾಲು ಬೋಳು, ಮತ್ತೆ ಒಂದು ಹಸಿರು, ಮೂರು ಬೋಳು. ಅಷ್ಟುದ್ದಕ್ಕೂ ಖಾಲಿ ಗಾಡಿ ತಳ್ಳಿದ್ದಾನೆ. ರಸ್ತೆಯಲ್ಲಿ ಹೋಗುವವರೆಲ್ಲ ಸೈಕಲ್ ನಿಲ್ಲಿಸಿ ನೋಡಿದರು. ಟ್ರ್ಯಾಕ್ಟರಿನ ಹುಡುಗ ಮಾತ್ರ ಆ ಕಡೆ ತಿರುಗದೆ ಹೋದ. ಅವನ ಮರ್ಯಾದೆ ದೊಡ್ಡದು.

ನನಗೆ ತಡೆಯಲಾಗಲಿಲ್ಲ. ಕ್ಯಾರೆಟ್ ಬೀಜ ಮುಗಿದಿತ್ತು, ಡಬ್ಬಿಯಲ್ಲಿ ಬೀಟ್ರೂಟ್ ಬೀಜ ಇತ್ತು. ಅಣ್ಣ ಮಧ್ಯಾಹ್ನ ಮಲಗಿದಾಗಲೆಲ್ಲ ಹೋಗಿ, ಬೋಳು ಸಾಲಿನಲ್ಲಿ ಕೂತುಕೊಂಡೇ ಸರಿಯುತ್ತಾ ಕೈಯಿಂದ ಊರಿದೆ. ಸಾಲು ತುಂಬಿದರೆ ಸಾಕು, ಅವನ ಮಾನ ಉಳಿದರೆ ಸಾಕು ಅಂತ ಅಷ್ಟೇ ನನ್ನ ಮನಸ್ಸಿನಲ್ಲಿ. ಸ್ವಲ್ಪ ದಿನಕ್ಕೆ ಮೊಳಕೆ ಬಂತು ನೋಡು, ದಂಟೆಲ್ಲ ಕೆಂಪೋ ಕೆಂಪು! ಹಸಿರು ಕ್ಯಾರೆಟ್ ಸೊಪ್ಪಿನ ನಡುವೆ ಅರ್ಧ ಮೈಲಿಯಿಂದಲೇ ಕಾಣುತ್ತದೆ. ಕಿವಿ ಹೋದವನಿಗೆ ಕಣ್ಣೂ ಹೋಗಿದೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು! ಅವನು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದ. ಬೈಯಲಿ, ಕೂಗಾಡಲಿ ಅಂತ ನಾನು ಸೆರಗು ಬಿಗಿದು ಕಾದಿದ್ದೆ. ಅವನು ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು, ಲೋಟ ಬೋರಲು ಹಾಕಿ, "ನಮ್ಮ ಕೆಲಸವನ್ನ ಇನ್ನೊಬ್ಬರು ತಿದ್ದಿದ್ರೆ ಹೀಗಿರತ್ತೆ ಅಲ್ವಾ" ಅಂದ. ಆಮೇಲೆ ಜಗಲಿಗೆ ಹೋಗಿ ಕೂತು, "ಮೂರು ವರ್ಷ ತಡ್ಕೊಂಡ್ಳು ಹುಡುಗಿ" ಅಂದ. ಹೊಲ ಕೊಟ್ಟುಬಿಡೋಣ ಅಂತ ಅವನೇ ಹೇಳಿದ್ದು ಆ ಸಂಜೆಯೇ. ನೀನು ಬರುವುದಿಲ್ಲ ಅಂತ ಬರೆದ ಪತ್ರದಿಂದಾಗಿ ಅಲ್ಲ, ಅದು ಬಂದದ್ದು ಆಮೇಲೆ. ಇದನ್ನು ನೀನು ತಿಳಿದಿರಬೇಕು ಅಂತಲೇ ಇಷ್ಟುದ್ದ ಬರೆದೆ.

ಸಹಿ ಹಾಕಿ ಬಂದಾಗಿನಿಂದ ಅವನಿಗೆ ಏನು ಮಾಡಬೇಕೋ ತೋಚುತ್ತಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಬೂಟು ಹಾಕಿಕೊಳ್ಳುತ್ತಾನೆ, ಬೇಲಿಯವರೆಗೆ ಹೋಗಿ ವಾಪಸು ಬಂದು ಬಿಚ್ಚುತ್ತಾನೆ. ಕ್ಯಾರೆಟ್ ಇನ್ನೂ ನಮ್ಮದೇ ಅಲ್ಲವೇ, ಹೋಗಿ ಕಳೆ ಕೀಳು ಅಂದರೆ, ಬೇರೆಯವರ ಹೊಲಕ್ಕೆ ಕಾಲಿಟ್ಟ ಹಾಗಾಗುತ್ತದೆ ಅನ್ನುತ್ತಾನೆ. ಊಟ ಅರ್ಧಕ್ಕೆ ಇಳಿದಿದೆ. ನಿನ್ನ ದೊಡ್ಡಮ್ಮ ತೀರಿಕೊಂಡಾಗಲೂ ಮೂರನೆಯ ದಿನ ಹಾರೆ ಹಿಡಿದು ಹೋದವನು ಅವನು. ಈಗ ಹಿಡಿಯಲು ಏನೂ ಇಲ್ಲ. ಹುಲ್ಲಿನವರು ಬಂದು ನೆಲ ಮಟ್ಟ ಮಾಡುವುದನ್ನು ಈ ಕಿಟಕಿಯಲ್ಲಿ ಕೂತು ನೋಡಿದರೆ ಅವನು ಹೆಚ್ಚು ದಿನ ಉಳಿಯುವುದಿಲ್ಲ. ಇದು ನನ್ನ ಹೆದರಿಕೆ ಮಾತ್ರ ಅಲ್ಲ, ಅವನ ಕೈ ನೋಡಿದವರಿಗೆಲ್ಲ ಹಾಗೇ ಅನ್ನಿಸುತ್ತದೆ. ಸುಮ್ಮನೆ ಕೂತಿದ್ದರೂ ಆ ಕೈಗಳು ಮೊಣಕಾಲಿನ ಮೇಲೆ ಏನನ್ನೋ ಕೀಳುತ್ತಲೇ ಇರುತ್ತವೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ನಿನ್ನ ಗೆಳತಿಯರಿಗೆ ನನ್ನ ಆಶೀರ್ವಾದ ಹೇಳು, ಆ ಗುಂಗುರು ಕೂದಲಿನವಳಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಬಿಸಿಲಿಗೆ ಹೋಗಲು ಹೇಳು. ನಿಮ್ಮ ಮೂವರ ನೆಲಕ್ಕೂ ಬೆನ್ನಿಗೂ ಒಳ್ಳೆಯದಾಗಲಿ.

ಸದಾ ನಿನ್ನ ನೆನಪಿನಲ್ಲೇ ಇರುವ,
ನಿನ್ನ ಅತ್ತೆ

ವಿ.ಸೂ.: ಟ್ರ್ಯಾಕ್ಟರಿನ ಹುಡುಗ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನ ದೊಡ್ಡಪ್ಪ ಈ ಪತ್ರ ಬರೆಸಿದ್ದೇ ಒಂದು ಮಾತು ಕೇಳುವುದಕ್ಕೆ, ನಾನು ಸುತ್ತಿ ಬಳಸಿ ಈಗ ಅಲ್ಲಿಗೆ ಬಂದೆ. ನಿನ್ನ ಹೊಲದಲ್ಲಿ ಕೆಲಸಕ್ಕೆ ಒಬ್ಬ ಮುದುಕ ಬೇಕಾ ಅಂತ ಕೇಳುತ್ತಿದ್ದಾನೆ. ದೊಡ್ಡಪ್ಪ ಅಂತ ಅಲ್ಲವಂತೆ, ಕೆಲಸದವನು ಅಂತ. ಹೇಳಿದಷ್ಟು ಮಾಡುತ್ತಾನಂತೆ, ಹೇಳದ್ದನ್ನು ಮುಟ್ಟುವುದಿಲ್ಲವಂತೆ, ಮಲಗಲು ಒಂದು ಮೂಲೆ ಸಾಕಂತೆ. ಕಿವಿಯ ಮಿಷನ್ನಿಗೆ ಬುಧವಾರ ಅಳತೆ ಕೊಟ್ಟು ಬಂದಿದ್ದಾನೆ, ನೀನು ಹೇಳಿದ್ದು ಕೇಳಿಸದೆ ಹೋದರೆ ಅಂತ. ಅತ್ತೆ ಒಬ್ಬಳೇ ಆಗುತ್ತಾಳೆ ಅಂತ ನನ್ನ ಮುಖ ನೋಡಿ ಬೇಡ ಅನ್ನಬೇಡ. ಒಬ್ಬಳೇ ಇರುವುದು ನನ್ನ ಕೈಲಾಗುತ್ತದೆ, ಅವನು ಇಲ್ಲಿ ಕೂತು ಸವೆದುಹೋಗುವುದನ್ನು ನೋಡುವುದು ಆಗುವುದಿಲ್ಲ. ಹೂಂ ಅಂತ ಬರಿ ಮಗಳೇ.