ತೊಳೆಯಬಾರದ ಸ್ಪಂಜು

ಮಾರ್ಚ್ 4, ಬೆಳಿಗ್ಗೆ 6.40

ಕಾಫಿ ಆಯಿತು. ಗುಂಡನಿಗೆ ಕಾಳು ಹಾಕಿದ್ದೂ ಆಯಿತು, ಎಣಿಸಿ ಹನ್ನೆರಡು. ಮಾವ ಆಸ್ಪತ್ರೆಯಿಂದಲೇ ಚೀಟಿ ಬರೆದು ಕಳಿಸಿದ್ದಾರೆ. 'ಬೆಳಿಗ್ಗೆ 12 ಕಾಳು, ಸಂಜೆ 8. ನೀರಿಗೆ ಕೈ ಹಾಕಬೇಡ. ಸ್ಪಂಜು ಮುಟ್ಟಲೇಬೇಡ.' ಕೊನೆಯ ಮಾತಿನ ಕೆಳಗೆ ಎರಡು ಗೆರೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ ಮೂರು ದಿನ. ಗೆರೆ ಎಳೆಯುವ ಶಕ್ತಿಗೇನೂ ಕಡಿಮೆಯಿಲ್ಲ.

ಗುಂಡ ಅವರ ಗೋಲ್ಡ್‌ಫಿಶ್. ಎಂಟು ವರ್ಷ, ಅಂಗೈ ಅಗಲ, ಹಾಲ್‌ನಲ್ಲಿ ಟ್ಯಾಂಕು. ಮಾವ ಜಗಳವಾಡದೆ ಮಾತಾಡುವುದು ಈ ಮನೆಯಲ್ಲಿ ಅವನೊಬ್ಬನ ಹತ್ತಿರ ಮಾತ್ರ.

ಇನ್ನು ಆ ಸ್ಪಂಜು. ಫಿಲ್ಟರಿನೊಳಗೆ ಇರುತ್ತದೆ. ಸ್ಪಂಜಲ್ಲ ಅದು, ಚರಂಡಿಯ ತುಂಡು. ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ, ತೊಳೆಯಿರಿ ಎಂದು. ಮಾವ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ನಾನು ಮೂವತ್ತೊಂದು ವರ್ಷ ಸರ್ಜಿಕಲ್ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಆಗಿದ್ದವಳು. ನನ್ನ ಟ್ರೇ ಮೇಲೆ ಬೆರಳು ಎಳೆದರೆ ಬೆರಳೇ ಕೊಳೆಯಾಗಿ ಕಾಣುತ್ತಿತ್ತು. ಯಾರಿಗೆ ಹೇಳುತ್ತಾರೆ ಮುಟ್ಟಬೇಡ ಎಂದು!

ಮಧ್ಯಾಹ್ನ 2

ಮುಗಿಸಿದೆ. ಗುಂಡನನ್ನು ಬಕೆಟ್ಟಿಗೆ ಬಿಟ್ಟು ಟ್ಯಾಂಕು ಉಜ್ಜಿದೆ. ಕಲ್ಲುಗಳನ್ನು ಕುದಿಸಿದೆ. ಸ್ಪಂಜಿಗೆ ಬ್ಲೀಚು, ಆಮೇಲೆ ಕುದಿನೀರು, ಆಮೇಲೆ ಬಿಸಿಲು. ಅದರ ನಿಜ ಬಣ್ಣ ನೀಲಿಯಂತೆ! ಮೆಟ್ಟಿಲ ಕೆಳಗೆ ಮಾವ ಮೂರು ಬಕೆಟ್ ಹಳೇ ನೀರು ತೆರೆದಿಟ್ಟಿದ್ದರು, ಸೊಳ್ಳೆಗೆ ಛತ್ರ. ಚೆಲ್ಲಿದೆ. ನಲ್ಲಿಯಿಂದ ಹೊಸ ನೀರು. ಈಗ ಗಾಜು ಇದೆಯೋ ಇಲ್ಲವೋ ತಿಳಿಯದು.

ಮಾವ ಬರಲಿ. ನೋಡಿ ಬಾಯಿ ಮುಚ್ಚಿಕೊಳ್ಳಲಿ.

ಮಾರ್ಚ್ 6, ಬೆಳಿಗ್ಗೆ 7

ಗುಂಡ ಮೇಲೆಯೇ ಇದ್ದಾನೆ. ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದಾನೆ. ರೆಕ್ಕೆ ಮಡಚಿಕೊಂಡಿದ್ದಾನೆ.

"ಹಸಿವಾಗಿರ್ಬೇಕು ಬಿಡೇ," ಎಂದರು ಇವರು, ಪೇಪರಿನಿಂದ ತಲೆ ಎತ್ತದೆ.

ಹಸಿವಂತೆ. ಗಡಿಯಾರ ಹಿಡಿದು ಎಣಿಸಿದೆ. ಕಿವಿರು ನಿಮಿಷಕ್ಕೆ ನೂರಾ ಮೂವತ್ತು ಸಲ ಬಡಿಯುತ್ತಿದೆ. ಉಸಿರಿನ ತೊಂದರೆ. ಸೋಂಕು, ಅನುಮಾನವೇ ಇಲ್ಲ. ಮೊನ್ನೆ ಎಲ್ಲೋ ಒಂದು ಮೂಲೆ ಬಿಟ್ಟಿರಬೇಕು. ಮತ್ತೆ ಎಲ್ಲ ಖಾಲಿ ಮಾಡಿ ಉಜ್ಜಿದೆ.

ಮಾರ್ಚ್ 7

ಬಾಲದಲ್ಲಿ ಕೆಂಪು ಗೆರೆಗಳು. ಕಿವಿರಿನ ಅಂಚು ರಕ್ತ ಬಂದ ಹಾಗೆ. ಈಗ ತಳದಲ್ಲಿ ಕೂತಿದ್ದಾನೆ. ಕಾಳು ಹಾಕಿದರೆ ಮೂಸಿಯೂ ನೋಡಲಿಲ್ಲ.

ಹನ್ನೊಂದಕ್ಕೆ ಮಾವನ ಫೋನ್.

"ಗುಂಡ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ ಮಾವ."

"ಸರಿ. ಅವನು ಚೆನ್ನಾಗಿದ್ರೆ ಆಯ್ತು. ನನ್ನದೇನಿದೆ."

ಫೋನ್ ಇಟ್ಟ ಮೇಲೂ ಆ 'ನನ್ನದೇನಿದೆ' ಕಿವಿಯಲ್ಲೇ ಉಳಿಯಿತು. ಎರಡು ದಿನದಿಂದ ಫಿಸಿಯೋಥೆರಪಿಯವಳು ಬಂದು ಎಬ್ಬಿಸುತ್ತಿದ್ದಾಳೆ, ಮಾವ ಕಾಲೂರುವುದಿಲ್ಲ. 'ನಾಳೆ ನೋಡೋಣ' ಎಂದು ಗೋಡೆ ಕಡೆ ತಿರುಗುತ್ತಾರಂತೆ. ಸೊಂಟ ಮುರಿದು ಮಲಗಿದಲ್ಲೇ ಉಳಿದ ಮುದುಕರನ್ನು ಎಷ್ಟು ಜನ ನೋಡಿಲ್ಲ ನಾನು! ಮೊದಲ ವಾರದಲ್ಲಿ ಏಳದಿದ್ದರೆ ಬೆನ್ನ ಹುಣ್ಣು, ಆಮೇಲೆ ಕಫ, ಆಮೇಲೆ ಬರೆಯುವುದು ಬೇಡ. ಅದರ ಮೇಲೆ ಗುಂಡ ಸತ್ತ ಸುದ್ದಿ ಹೋದರೆ ಮುಗಿಯಿತು, ಈ ಮನುಷ್ಯ ಏಳುವುದಿಲ್ಲ.

ಭಯವಾಗಿದೆ. ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ.

ಮಾರ್ಚ್ 8, ಮಧ್ಯಾಹ್ನ 1

ಅಕ್ವೇರಿಯಂ ಅಂಗಡಿಗೆ ಹೋಗಿದ್ದೆ. ಟ್ಯಾಂಕಿನ ನೀರು ಬಾಟಲಿಗೆ ಹಿಡಿದು, ಅಭ್ಯಾಸಬಲ, ಚೀಟಿ ಅಂಟಿಸಿದ್ದೆ. 'ಗುಂಡ, 8 ವರ್ಷ, ಗಂಡು (ಖಚಿತವಿಲ್ಲ).' ಅಂಗಡಿಯವನು ನಗಲಿಲ್ಲ, ಅದು ಅವನ ದೊಡ್ಡತನ. ಸಣ್ಣ ಕೊಳವೆಗೆ ನೀರು ಹಾಕಿ ಯಾವುದೋ ಔಷಧಿಯ ಹನಿ ಬಿಟ್ಟ. ನೀರು ಕಡು ಹಸಿರಾಯಿತು. ಹಳದಿಯಾಗಿಯೇ ಉಳಿಯಬೇಕಿತ್ತಂತೆ.

"ಅಮೋನಿಯಾ. ಏನು ತೊಳೆದ್ರಿ ಅಮ್ಮಾ?"

"ಎಲ್ಲಾ."

"ಸ್ಪಂಜು?"

"ಬ್ಲೀಚ್ ಹಾಕಿ ಕುದಿಸಿದೆ."

ಅವನು ಸ್ಟೂಲ್ ಎಳೆದುಕೊಂಡು ಕೂತ.

"ನೋಡಿ ಅಮ್ಮಾ, ಮೀನಿನ ಹೊಲಸನ್ನ ತಿಂದು ನೀರು ಕಾಪಾಡೋ ಜೀವಾಣು ಇರೋದೇ ಆ ಕೊಳಕು ಸ್ಪಂಜಲ್ಲಿ. ಅಷ್ಟನ್ನೂ ನೀವು ಕೊಂದ್ರಿ. ಈಗ ಗುಂಡ ತನ್ನ ಉಚ್ಚೆಯಲ್ಲೇ ಉಸಿರಾಡ್ತಿದ್ದಾನೆ. ಸಾಲದು ಅಂತ ನಲ್ಲಿ ನೀರು ಬೇರೆ, ಅದರ ಕ್ಲೋರಿನ್ ಕಿವಿರು ಸುಡುತ್ತೆ. ಒಂದು ದಿನ ತೆರೆದಿಟ್ಟು ಹಾಕ್ಬೇಕು."

ಮೆಟ್ಟಿಲ ಕೆಳಗಿನ ಮೂರು ಬಕೆಟ್ಟು! ನಾಚಿಕೆಯಿಂದ ಮುಖ ಬಿಸಿಯಾಯಿತು. ರೋಗವೇ ಇರಲಿಲ್ಲ, ರೋಗ ತಂದವಳು ನಾನು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ, ನಾನು ಸುರಿದದ್ದು ಬ್ಲೀಚು.

ಆದರೆ ಕಾರಣ ಗೊತ್ತಾದರೆ ಅರ್ಧ ರೋಗ ಹೋದಂತೆ. ಪೆನ್ನು ತೆಗೆದೆ, ಬರೆದುಕೊಂಡೆ. ದಿನಾ ಮೂರರಲ್ಲೊಂದು ಪಾಲು ನೀರು ಬದಲಿಸುವುದು. ಕ್ಲೋರಿನ್ ಕಳೆಯುವ ಹನಿ ಕೊಟ್ಟಿದ್ದಾನೆ, ಬಕೆಟ್ಟಿನಲ್ಲಿ ತೆರೆದಿಟ್ಟ ನೀರು ಹಳತಾಗುವ ತನಕ ಅದೇ ಗತಿ. ಗಾಳಿಯ ಪಂಪು ಇಡೀ ದಿನ. ಚೂರು ಉಪ್ಪು. ಆಹಾರ ಬಂದ್. ಮತ್ತೆ ಒಂದು ಹಳೇ ಸ್ಪಂಜು ಬೇಕು, ಜೀವಾಣು ಇರುವಂಥದ್ದು. ಅವನು ತನ್ನ ಅಂಗಡಿಯದನ್ನು ಕೊಡಲಿಲ್ಲ.

"ನನ್ನಲ್ಲಿ ದಿನಾ ಹೊಸ ಮೀನು ಬರ್ತವೆ, ಯಾವುದಕ್ಕೆ ಯಾವ ಕಾಯಿಲೆಯೋ. ಹಳೇ ಟ್ಯಾಂಕು, ಆರೋಗ್ಯವಾಗಿರೋ ಮೀನು, ಅಂಥಾ ಕಡೆಯಿಂದ ತನ್ನಿ."

ಸಂಜೆ 5

ಹಲ್ಲಿನ ಕ್ಲಿನಿಕ್ಕಿನಲ್ಲಿ ಟ್ಯಾಂಕು ಇದೆಯೆಂದು ನೆನಪಾಯಿತು. ಐದು ವರ್ಷದ ಹಿಂದೆ ನನ್ನ ದವಡೆ ಹಲ್ಲು ಕೀಳಿಸಿದಾಗಲೂ ಅದೇ ಮೀನುಗಳು ನನ್ನನ್ನು ನೋಡಿದ್ದವು. ರಿಸೆಪ್ಷನ್ ಹುಡುಗಿ ಫಿಲ್ಟರ್ ಬಿಚ್ಚಿ ಮೂಗು ಮುರಿದಳು.

"ಛೀ ಆಂಟಿ, ಎಷ್ಟು ಗಲೀಜು! ತೊಳೆದು ಕೊಡ್ಲಾ?"

"ತೊಳೆದ್ಯೋ, ನೋಡು ಮತ್ತೆ!"

ಕಾಯುತ್ತಿದ್ದವರೆಲ್ಲ ಕೆನ್ನೆ ಹಿಡಿದುಕೊಂಡೇ ತಿರುಗಿ ನೋಡಿದರು. ಅರ್ಧ ಕತ್ತರಿಸಿ ಕೊಟ್ಟಳು. ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿ, ಸ್ಟೀಲ್ ಡಬ್ಬಿಯಲ್ಲಿ, ಎದೆಗವಚಿಕೊಂಡು ತಂದು ಗುಂಡನ ಫಿಲ್ಟರಿಗೆ ಇಟ್ಟೆ. ಜೀವಮಾನದಲ್ಲಿ ಕೊಳೆಯನ್ನು ಇಷ್ಟು ಜೋಪಾನವಾಗಿ ಹೊತ್ತವಳಲ್ಲ.

ಮಾರ್ಚ್ 9

ಬೆಳಿಗ್ಗೆ 6: ಉಸಿರು 126. ತಳದಲ್ಲಿ. 10: 124. 2: 118. ಬಾಲ ಒಮ್ಮೆ ಆಡಿಸಿದ.

ಟ್ಯಾಂಕಿನ ಪಕ್ಕ ಚಾರ್ಟು ನೇತುಹಾಕಿದ್ದೇನೆ. ಇವರು ಬಂದು ಓದಿದರು, ನನ್ನನ್ನು ನೋಡಿದರು.

"ಇಷ್ಟೆಲ್ಲಾ ಯಾಕೆ? ಅಂಗಡೀಲಿ ಇಂಥವು ನೂರಿದಾವೆ. ಒಂದು ತಂದು ಬಿಟ್ರಾಯ್ತು. ಅಪ್ಪನಿಗೆ ಹೇಗೂ ಕಣ್ಣು ಮಂಜು."

"ನಾಳೆ ನಿಮ್ಮ ಅಪ್ಪನ ಬದಲು ಬೇರೆ ಮುದುಕರನ್ನ ಮನೆಗೆ ಕರ್ಕೊಂಡು ಬರ್ತೀನಿ. ಪಂಚೆ ಉಡಿಸಿದ್ರೆ ನಿಮಗೂ ಗೊತ್ತಾಗಲ್ಲ."

ಎದ್ದು ಹೋದರು. ಹೋಗುವಾಗ ಬಕೆಟ್ ತುಂಬಿಸಿಟ್ಟು ಹೋದರು, ಮೂರೂ. ಒಳ್ಳೆಯವರೇ.

ಮಾರ್ಚ್ 11

108. ನಡುನೀರಿಗೆ ಬಂದಿದ್ದಾನೆ. ಆದರೆ ರೆಕ್ಕೆಯ ಅಂಚು ಕಪ್ಪಾಗಿದೆ, ಕಿವಿರಿನ ಹತ್ತಿರವೂ. ಕೊಳೆಯುತ್ತಿದೆ ಎಂದರು ಇವರು. ಅಲ್ಲ. ಸುಟ್ಟ ಗಾಯ ಮಾಯುವಾಗಿನ ಬಣ್ಣ ಅದು, ನನಗೆ ಗೊತ್ತು… ಗೊತ್ತಿದ್ದರೂ ಅಂಗಡಿಯವನಿಗೆ ಫೋನ್ ಮಾಡಿ ಕೇಳಿದೆ. ಈ ವಾರ ಕಲಿತದ್ದು ಅಷ್ಟು. "ಹೌದಮ್ಮಾ, ವಾಸಿಯಾಗ್ತಿದೆ, ಕಪ್ಪು ತಾನೇ ಹೋಗುತ್ತೆ," ಎಂದ.

ಗುಂಡ ಬದುಕುತ್ತಾನೆ. ಬರೆದಿಡುತ್ತೇನೆ, ಬದುಕುತ್ತಾನೆ.

ಮಾವ ಮಾತ್ರ ಇನ್ನೂ ಎದ್ದಿಲ್ಲ. ದಿನಾ ಫೋನಿನಲ್ಲಿ ಅದೇ ಪ್ರಶ್ನೆ, ದಿನಾ ನನ್ನ ಅದೇ ಸುಳ್ಳು. ವಾರ್ಡಿನಲ್ಲಿ ಯಾವ ರೋಗಿಯ ಮನೆಯವರಿಗೂ ಸುಳ್ಳು ಹೇಳಿದವಳಲ್ಲ. ನಾಳೆ ಹೋಗಿ ಹೇಳಿಬಿಡುತ್ತೇನೆ. ಬೈದರೆ ಬೈಯಲಿ. ಮಾಡಿದ್ದುಣ್ಣೋ ಮಹಾರಾಯ.

ಮಾರ್ಚ್ 12, ಸಂಜೆ

ಹೇಳಿದೆ.

"ಮಾವ, ನಾನು ಸ್ಪಂಜು ತೊಳೆದೆ."

ಗೋಡೆ ನೋಡುತ್ತಿದ್ದವರು ಇತ್ತ ತಿರುಗಿದರು. "ಟ್ಯಾಂಕಿನ ನೀರಲ್ಲಿ ಹಿಂಡಿದ್ಯಾ?"

"ಬ್ಲೀಚ್ ಹಾಕಿ ಕುದಿಸಿದೆ."

"…ಬಕೆಟ್ ನೀರು?"

"ಚೆಲ್ಲಿದೆ."

ಕುತ್ತಿಗೆಯಿಂದ ಕೆಂಪು ಏರಿತು. ಹೊದಿಕೆ ಒದ್ದರು. ನೋವಿಲ್ಲದ ಕಾಲಿನಿಂದಲೇ, ಆದರೂ ಒದ್ದರಲ್ಲ.

"ಮೂವತ್ತಾರು ವರ್ಷ ಪಂಪ್‌ಹೌಸಲ್ಲಿ ಊರಿಗೆಲ್ಲಾ ಕ್ಲೋರಿನ್ ಹಾಕಿದವನು ನಾನು! ಆ ನೀರು ಮೀನಿಗೆ ಯಾಕಾಗಲ್ಲ ಅಂತ ನನಗೆ ಗೊತ್ತಿಲ್ವಾ? ಎರಡು ಗೆರೆ ಎಳೆದಿದ್ದೆ! ಎರಡು! ಎಲ್ಲಿ ನನ್ನ ಚಪ್ಪಲಿ? ಮನೆಗೆ ಹೋಗ್ತೀನಿ!"

ವಾಕರ್ ಎಳೆದುಕೊಂಡರು. ಎದ್ದರು. ನಾನು ಹಿಡಿಯಲು ಹೋದೆ, ಬಾಗಿಲಲ್ಲಿ ನಿಂತಿದ್ದ ಫಿಸಿಯೋಥೆರಪಿಯವಳು ತುಟಿಗೆ ಬೆರಳಿಟ್ಟು ಸನ್ನೆ ಮಾಡಿ, ತಾನೇ ಮೆಲ್ಲಗೆ ಅವರ ಬೆನ್ನ ಹಿಂದೆ ಬಂದು ನಿಂತಳು. ಒಂದು ಹೆಜ್ಜೆ, "ಮೇಟ್ರನ್ ಅಂತೆ ಮೇಟ್ರನ್!" ಇನ್ನೊಂದು ಹೆಜ್ಜೆ, "ದೇವರನ್ನೂ ಬ್ಲೀಚಿಗೆ ಹಾಕ್ತಾಳೆ ಇವಳು!" ಮೂರು. ನಾಲ್ಕು. ಐದನೆಯದಕ್ಕೆ ತಾವು ನಿಂತಿರುವುದು ಅವರಿಗೇ ಗೊತ್ತಾಯಿತು. ಕಾಲು ನೋಡಿಕೊಂಡರು. ಆಮೇಲೆ ನನ್ನನ್ನು.

"ಬದುಕಿದ್ದಾನಾ?"

"ಇದ್ದಾನೆ ಮಾವ. ಇವತ್ತು ತೊಂಬತ್ತಾರು."

ಒಂದು ಗಳಿಗೆ ವಾಕರಿನ ಮೇಲೆ ತಲೆ ಬಗ್ಗಿಸಿ ನಿಂತರು. "ಹಾಗಾದ್ರೆ ಬಾಗಿಲ ತನಕ ಹೋಗೋಣ. ಬೈಯೋದು ಇನ್ನೂ ಇದೆ."

ಹೋದರು. ಬೈದರು. ನನಗೆ ಕಾರಿಡಾರಿನಲ್ಲಿ ನಿಂತು ಅಳು ಬಂತು, ಎಲ್ಲರೆದುರು. ಸಂತೋಷವೇ ಅದು.

ಏಪ್ರಿಲ್ 2

ಮಾವ ಮನೆಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಟ್ಯಾಂಕಿನ ಮುಂದೆ. ಗುಂಡನ ರೆಕ್ಕೆಯಲ್ಲಿ ಕಪ್ಪು ಇನ್ನೊಂದು ಚುಕ್ಕೆಯಷ್ಟಿದೆ. ಚಾರ್ಟನ್ನು ಮೊದಲ ಸಾಲಿನಿಂದ ಕೊನೆಯ ತನಕ ಓದಿದರು. ಊಟಕ್ಕೆ ಕರೆದಾಗ, "ನನಗೂ ಹೀಗೊಂದು ಬರೀ," ಎಂದರು.

ಏಪ್ರಿಲ್ 26, ಬೆಳಿಗ್ಗೆ 9.15

ಸ್ಪಂಜು ಹಿಂಡುವ ದಿನ. ಮಾವನಿಗೆ ಬಗ್ಗುವ ಹಾಗಿಲ್ಲ. ಇವರು ಕೈ ಚಾಚಿದರು, ಮಾವ ಕೊಡಲಿಲ್ಲ. ಕುರ್ಚಿಯಲ್ಲಿ ಕೂತು ನನ್ನ ಕಡೆ ನೀಡಿದರು, ಕಂದು ನೀರು ಸೋರುತ್ತಿದ್ದ ಹಾಗೆಯೇ.

"ನೀನೇ ಮಾಡು. ಟ್ಯಾಂಕಿನ ನೀರಲ್ಲಿ, ಎರಡು ಸಲ. ಮೂರನೇದು ಬೇಡ."

ಎರಡು ಸಲ ಹಿಂಡಿದೆ. ಇನ್ನೂ ಕೊಳೆ ಬರುತ್ತಿತ್ತು. ಮೂರನೆಯದಕ್ಕೆ ಬೆರಳು ತುರಿಸಿದ್ದು ನಿಜ. ಮಾವ ಎವೆಯಿಕ್ಕದೆ ನೋಡುತ್ತಿದ್ದರು. ಹಾಗೇ ಫಿಲ್ಟರಿಗೆ ಇಟ್ಟು ಮುಚ್ಚಿದೆ. ಅವರು ಹೂಂ ಎಂದರು, ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಯಾವ ಡಾಕ್ಟರ ಶಾಭಾಸ್‌ಗಿರಿಯೂ ಇಷ್ಟು ಹಿತವಾಗಿರಲಿಲ್ಲ.

ಬರೆಯುವಾಗಲೂ ಬೆರಳಲ್ಲಿ ಪಾಚಿಯ ವಾಸನೆ. ಪುಟಕ್ಕೂ ಹತ್ತಿತು. ಸೋಪಿನಿಂದ ಮೊಣಕೈ ತನಕ ತೊಳೆದೇ ಬಿಡೋಣವೆಂದು ಏಳುತ್ತಿದ್ದೆ, ಹಾಲ್‌ನಿಂದ ಕೂಗು — "ಮೇಟ್ರನ್, ಬೇಗ ಬಾ, ಗುಂಡ ಕಲ್ಲು ಉಗುಳ್ತಿದ್ದಾನೆ, ಆಟ ಆಡ್ತಿದ್ದಾನೆ ಕಣೇ!" — ಬಂದೆ ಮಾವ. ಕೈ ಆಮೇಲೆ…